ಹೋಮ್ ಲೋನ್ ಕಾಗದಪತ್ರ: ಯಾವುದನ್ನು ಮೊದಲು ತೆಗೆಸಬೇಕು, ಯಾವುದನ್ನು ಕೊನೆಗೆ

ಹೋಮ್ ಲೋನ್‌ಗೆ ಓಡಾಡುವವರು ಬಹಳಷ್ಟು ಜನ ಒಂದೇ ಕಡೆ ಎಡವುತ್ತಾರೆ. ಸ್ಯಾಲರಿ ಸ್ಲಿಪ್, ಆಧಾರ್, ಪಾನ್ ಹಿಡಿದುಕೊಂಡು ಮೊದಲು ಬ್ಯಾಂಕಿಗೆ ಹೋಗುತ್ತಾರೆ. ಸ್ವಲ್ಪ ದಿನದಲ್ಲೇ ಸ್ಯಾಂಕ್ಷನ್ ಲೆಟರ್ ಬರುತ್ತದೆ. ಸಾಲ ಆಗೇ ಹೋಯಿತು ಅಂದುಕೊಂಡು ಮನೆ ಮಾಲೀಕರಿಗೆ ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಆಮೇಲೆ ಬ್ಯಾಂಕಿನ ವಕೀಲರು "1998ರ ಲಿಂಕ್ ಡಾಕ್ಯುಮೆಂಟ್ (ಹಿಂದಿನ ಮಾಲೀಕರ ಪತ್ರ) ಎಲ್ಲಿ?" ಅಂತ ಕೇಳುತ್ತಾರೆ. ಅಲ್ಲಿಗೆ ಗಾಡಿ ನಿಂತಿತು.

ಬ್ಯಾಂಕ್ ನಿಮ್ಮನ್ನು ಒಪ್ಪುವುದು ಬೇರೆ, ನೀವು ಕೊಳ್ಳುವ ಮನೆಯನ್ನು ಒಪ್ಪುವುದು ಬೇರೆ. ಮೊದಲ ಸ್ಯಾಂಕ್ಷನ್ ಲೆಟರ್ ಸಾಮಾನ್ಯವಾಗಿ ನಿಮ್ಮ ಆದಾಯ ನೋಡಿ ಕೊಟ್ಟದ್ದು. ಆಸ್ತಿಯ ಪರಿಶೀಲನೆ ಇನ್ನೂ ಬಾಕಿ ಅಂತ ಅದರಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿ ಉಲ್ಟಾ ಹೋಗುತ್ತದೆ. ನಿಧಾನವಾಗಿ ಸಿಗುವ ಕಾಗದ ಮೊದಲು, ಬೇಗ ಹಳೆಯದಾಗುವ ಕಾಗದ ಕೊನೆಗೆ.

ಇಲ್ಲಿ ಹೇಳಿರುವುದು ಕರ್ನಾಟಕದಲ್ಲಿ ಬೇರೆಯವರಿಂದ ಮನೆ ಅಥವಾ ಫ್ಲ್ಯಾಟ್ ಕೊಳ್ಳುವ, ಸಂಬಳದ ಮೇಲೆ ಬದುಕುವ ಮನೆಯವರಿಗೆ. ವ್ಯಾಪಾರಸ್ಥರಿಗೆ, ವಿದೇಶದಲ್ಲಿ ಇರುವವರಿಗೆ ಬೇರೆಯಾಗುವ ಕಡೆ ಅಲ್ಲಲ್ಲಿ ಹೇಳಿದ್ದೇನೆ.

## ಕೈಯಲ್ಲಿ ಏನೇನು ಇರಬೇಕು

ಎರಡು ಫೈಲ್ ತೆಗೆದುಕೊಳ್ಳಿ. ಒಂದರ ಮೇಲೆ "ನಾವು" ಅಂತ, ಇನ್ನೊಂದರ ಮೇಲೆ "ಆಸ್ತಿ" ಅಂತ ಬರೆಯಿರಿ. ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಚಾಲ್ತಿಯಲ್ಲಿ ಇರಬೇಕು, ಎಲ್ಲ ಕಡೆ ಒಟಿಪಿ ಅದಕ್ಕೇ ಬರುತ್ತದೆ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ ಆನ್‌ಲೈನ್‌ನಲ್ಲಿ ಒಂದು ಅಕೌಂಟ್ ಮಾಡಿಕೊಳ್ಳಿ. ಪತ್ರಗಳನ್ನು ಫೋನಿನಲ್ಲಿ ಫೋಟೋ ಹೊಡೆಯಬೇಡಿ, ಸ್ಕ್ಯಾನ್ ಮಾಡಿ. ಹಳೆ ಕ್ರಯಪತ್ರದ ಹಿಂಬದಿಯ ಸೀಲು, ಸಹಿ ಕೂಡ ಬರಬೇಕು. ಹಿಂಬದಿ ಬಿಟ್ಟುಹೋಗಿದೆ ಅಂತ ವಾಪಸ್ ಬರುವ ಫೈಲುಗಳಿಗೆ ಲೆಕ್ಕವೇ ಇಲ್ಲ.

## ಹಂತ 1: ಸಿಬಿಲ್ ವರದಿ ಪೂರ್ತಿ ಓದಿ

ಸ್ಕೋರ್ ಒಂದನ್ನೇ ನೋಡಿ ಮುಚ್ಚಿಡಬೇಡಿ. ಸಿಬಿಲ್ ಸೇರಿ ನಾಲ್ಕು ಕ್ರೆಡಿಟ್ ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅದರಲ್ಲಿ ನಿಮ್ಮ ಹೆಸರಿನ ಒಂದೊಂದು ಖಾತೆಯನ್ನೂ ನೋಡಿ.

ತೊಂದರೆ ಕೊಡುವುದು ಸಾಮಾನ್ಯವಾಗಿ ಮೂರು. ಯಾವತ್ತೋ ಬಿಟ್ಟ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬಡ್ಡಿ ಸಮೇತ ಬೆಳೆದು ನಿಂತಿರುತ್ತದೆ. ಹಳೆ ಸಾಲ "ಕ್ಲೋಸ್ಡ್" ಅನ್ನುವ ಬದಲು "ಸೆಟಲ್ಡ್" ಅಂತ ಇರುತ್ತದೆ. ಅಂದರೆ ಪೂರ್ತಿ ಕಟ್ಟದೆ ರಾಜಿಯಾಗಿದ್ದೀರಿ ಅಂತ ಅರ್ಥ, ಇದು ಬ್ಯಾಂಕಿನವರಿಗೆ ಹಿಡಿಸುವುದಿಲ್ಲ. ಮೂರನೆಯದು ಜಾಮೀನು. ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ನೀವು ಸಹಿ ಹಾಕಿದ್ದರೆ, ಅವನು ಕಂತು ತಪ್ಪಿಸಿದ್ದು ನಿಮ್ಮ ವರದಿಯಲ್ಲೂ ಕಾಣುತ್ತದೆ.

ತಪ್ಪು ಇದ್ದರೆ ಆನ್‌ಲೈನ್‌ನಲ್ಲೇ ದೂರು ಕೊಡಿ. ಸರಿಪಡಿಸಲು 30 ದಿನದ ಗಡುವಿದೆ, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಈ ಒಂದು ತಿಂಗಳು ಹೋಗುತ್ತದೆ ಅಂತಲೇ ಇದು ಮೊದಲ ಹಂತ.

## ಹಂತ 2: ಎಲ್ಲ ಕಡೆ ಒಂದೇ ಹೆಸರು ಇದೆಯಾ ನೋಡಿ

ನಮ್ಮ ಕಡೆಯ ಹೆಸರುಗಳಿಗೆ ಇದು ದೊಡ್ಡ ತಲೆನೋವು. ಆಧಾರ್‌ನಲ್ಲಿ ಮಂಜುನಾಥ ಕೆ ಎಂ, ಪಾನ್‌ನಲ್ಲಿ ಕೆಂಚನಹಳ್ಳಿ ಮಲ್ಲಪ್ಪ ಮಂಜುನಾಥ್, ಆಫೀಸಿನಲ್ಲಿ ಮಂಜುನಾಥ್ ಮಲ್ಲಪ್ಪ. ಮನುಷ್ಯ ಒಬ್ಬನೇ. ಆದರೆ ಇಂಗ್ಲಿಷಿನಲ್ಲಿ ಬರೆದಾಗ ಕೊನೆಯ ಒಂದು 'ಎ' ಅಕ್ಷರ ಇದೆಯೋ ಇಲ್ಲವೋ ಅನ್ನುವುದಕ್ಕೇ ಕಂಪ್ಯೂಟರ್ ತಕರಾರು ತೆಗೆಯುತ್ತದೆ.

ಒಂದು ಹಾಳೆಯಲ್ಲಿ ಅಡ್ಡಗೆರೆ ಎಳೆದು ಆಧಾರ್, ಪಾನ್, ಸಂಬಳದ ಬ್ಯಾಂಕ್ ಖಾತೆ, ಪಿಎಫ್, ಪಾಸ್‌ಪೋರ್ಟ್, ಈ ಐದರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಹೇಗಿದೆ ಅಂತ ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ. ಜೊತೆಗೆ ಸಾಲ ತೆಗೆದುಕೊಳ್ಳುವ ಗಂಡ ಅಥವಾ ಹೆಂಡತಿಯದ್ದೂ ಬರೆಯಿರಿ. ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ ಮ್ಯಾರೇಜ್ ಸರ್ಟಿಫಿಕೇಟ್ ಬೇಕಾಗುತ್ತದೆ.

ಇನಿಷಿಯಲ್ ವ್ಯತ್ಯಾಸಕ್ಕೆ "ಈ ಎರಡೂ ಹೆಸರು ನನ್ನದೇ" ಅನ್ನುವ ಅಫಿಡವಿಟ್ ಸಾಕು, ಇ-ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಸಹಿ ಹಾಕಿಸಿದರೆ ಮುಗಿಯಿತು. ಹೆಸರೇ ಬೇರೆಯಾಗಿದ್ದರೆ ಪಾನ್ ಅಥವಾ ಆಧಾರ್ ತಿದ್ದಿಸಿಕೊಳ್ಳುವುದೇ ದಾರಿ. ಮಾರುವವರ ಹೆಸರನ್ನೂ ಇದೇ ರೀತಿ ನೋಡಿ. ಅವರ ಕ್ರಯಪತ್ರದಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಿ ಅಂತ ಇದ್ದರೆ ರಿಜಿಸ್ಟ್ರೇಷನ್ ದಿನ ಗೊತ್ತಾಗುವ ಬದಲು ಇವತ್ತೇ ಗೊತ್ತಾಗಲಿ.

## ಹಂತ 3: ಖಾತಾ ಯಾವುದು?

ಆಸ್ತಿ ಫೈಲಿಗೆ ಇದೇ ಮೊದಲ ಕಾಗದ, ಯಾಕೆಂದರೆ ಅರ್ಧ ಆಸ್ತಿಗಳು ಇಲ್ಲೇ ಸೋಸಿಹೋಗುತ್ತವೆ. ಮಾರುವವರಿಗೆ ಫೋನ್ ಮಾಡಿದಾಗ ಬೆಲೆ ಕೇಳುವ ಮುಂಚೆ ಇದನ್ನು ಕೇಳಿ.

ಬೆಂಗಳೂರಿನಲ್ಲಿ ಎ ಖಾತಾ, ಬಿ ಖಾತಾ ಅಂತ ಎರಡಿದೆ. ಬಿ ಖಾತಾ ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಬರೆದಿಟ್ಟ ಲೆಕ್ಕ, ಬಡಾವಣೆಗೋ ಕಟ್ಟಡಕ್ಕೋ ಅನುಮತಿ ಇಲ್ಲ ಅಂತ ಅರ್ಥ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ. ಕೆಲವು ಫೈನಾನ್ಸ್ ಕಂಪನಿಗಳು ಜಾಸ್ತಿ ಬಡ್ಡಿಗೆ ಕೊಡುತ್ತವೆ. ಆಮೇಲೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ಸಾಲ ವರ್ಗಾಯಿಸಲು ಹೋದರೆ ಅಲ್ಲಿ ಮತ್ತೆ ಇದೇ ಬಿ ಖಾತಾ ಅಡ್ಡ ಬರುತ್ತದೆ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ ನೋಡಬೇಕು. ಫಾರ್ಮ್ 9 ಮತ್ತು 11ಎ ಇದ್ದರೆ ಮುಂದುವರಿಯಿರಿ. 11ಬಿ ಇದ್ದರೆ ಅದು ಪಂಚಾಯಿತಿಯ ಬಿ ಖಾತಾ ಅಂದುಕೊಳ್ಳಿ.

ಈಗ ಇ-ಖಾತಾ ಇಲ್ಲದೆ ನಗರದ ಆಸ್ತಿ ರಿಜಿಸ್ಟರ್ ಆಗುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ಬೆಂಗಳೂರಿನ ಇ-ಆಸ್ತಿ ಪೋರ್ಟಲ್‌ನಲ್ಲಿ ಕರಡು ಇ-ಖಾತಾ ಯಾರು ಬೇಕಾದರೂ ನೋಡಬಹುದು. ಅದನ್ನೇ ಪ್ರಿಂಟ್ ಹಾಕಿ "ಇ-ಖಾತಾ ಇದೆ" ಅನ್ನುವವರಿದ್ದಾರೆ. ನಿಮಗೆ ಬೇಕಾದದ್ದು ಅಂತಿಮ ಇ-ಖಾತಾ. ಅದನ್ನು ಮಾಲೀಕರೇ ಆಧಾರ್ ಕೊಟ್ಟು ಮಾಡಿಸಬೇಕು. ಮಾಡಿಸಿಲ್ಲದಿದ್ದರೆ ಅವರು ಅರ್ಜಿ ಹಾಕುವವರೆಗೆ ನೀವು ಕಾಯಿರಿ, ಅಡ್ವಾನ್ಸ್ ಕೊಟ್ಟು ಕಾಯಬೇಡಿ.

ಖಾತಾ ಇದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ ಅನ್ನುವುದೂ ನೆನಪಿರಲಿ. ಅದು ತೆರಿಗೆ ದಾಖಲೆ ಅಷ್ಟೇ. ಮಾಲೀಕತ್ವಕ್ಕೆ ಮುಂದಿನ ಎರಡು ಹಂತ.

## ಹಂತ 4: ಇಸಿ ತೆಗೆಸಿ, ಸಾಲು ಸಾಲು ಓದಿ

ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿಯ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರಗಳ ಪಟ್ಟಿ. ವ್ಯವಹಾರ ಇದ್ದರೆ ಫಾರ್ಮ್ 15, ಏನೂ ಇಲ್ಲದಿದ್ದರೆ ಫಾರ್ಮ್ 16 ಸಿಗುತ್ತದೆ. ಆಫೀಸಿನಲ್ಲಿ ಕೊಡುವ ಟಿಡಿಎಸ್ ಫಾರ್ಮ್ 16 ಬೇರೆ, ಇದು ಬೇರೆ. ಬ್ಯಾಂಕಿನವರು "ಫಾರ್ಮ್ 16 ತನ್ನಿ" ಅಂದರೆ ಯಾವುದು ಅಂತ ಕೇಳಿಕೊಳ್ಳಿ.

ಬ್ಯಾಂಕಿಗೆ ಕನಿಷ್ಠ 13 ವರ್ಷದ್ದು ಬೇಕು, ಬಹಳ ಕಡೆ 30 ವರ್ಷದ್ದು ಕೇಳುತ್ತಾರೆ. ನೀವು 30ಕ್ಕೇ ಅರ್ಜಿ ಹಾಕಿ. ಸುಮಾರು 2004ರಿಂದ ಈಚಿನದು ಕಾವೇರಿಯಲ್ಲಿ ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದು ಪುಸ್ತಕದಲ್ಲಿ ಇರುವುದರಿಂದ ಕೈಯಿಂದ ಹುಡುಕಿ ಕೊಡಬೇಕು, ದಿನ ಹಿಡಿಯುತ್ತದೆ.

ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ನೀವು ಆಸ್ತಿಯ ವಿವರ ಹೇಗೆ ಕೊಟ್ಟಿರೋ ಹಾಗೇ ಹುಡುಕಿ ಕೊಡುತ್ತಾರೆ. ಉದಾಹರಣೆಗೆ 2009ರ ಕ್ರಯಪತ್ರದಲ್ಲಿ "ಸೈಟ್ ನಂ. 47, ಖಾತಾ ನಂ. 231" ಅಂತ ಇದೆ. 2015ರಲ್ಲಿ ಅದೇ ಸೈಟನ್ನು ಅಡ ಇಟ್ಟಾಗ "ಅಸೆಸ್‌ಮೆಂಟ್ ನಂ. 231/47" ಅಂತ ಬರೆಸಿದ್ದಾರೆ. ನೀವು ಸೈಟ್ ನಂಬರ್ ಕೊಟ್ಟು ಹುಡುಕಿದರೆ ಎರಡನೆಯದು ಬರದೇ ಇರಬಹುದು. ಇಸಿ ಪೂರ್ತಿ ಚೊಕ್ಕ ಕಾಣುತ್ತದೆ. ಆದ್ದರಿಂದ ಸರ್ವೆ ನಂಬರ್, ಸೈಟ್ ನಂಬರ್, ಹಳೆ ಖಾತಾ, ಹೊಸ ಖಾತಾ, ಎಲ್ಲ ರೀತಿಯಲ್ಲೂ ಹುಡುಕಿಸಿ. ಚೆಕ್ಕುಬಂದಿ, ಅಂದರೆ ಪೂರ್ವ ಪಶ್ಚಿಮ ಉತ್ತರ ದಕ್ಷಿಣಕ್ಕೆ ಯಾರ ಸ್ವತ್ತು ಇದೆ ಅನ್ನುವುದು, ಕ್ರಯಪತ್ರಕ್ಕೂ ಇಸಿಗೂ ತಾಳೆಯಾಗಬೇಕು. ಒಮ್ಮೆ ಆ ಜಾಗದಲ್ಲೇ ನಿಂತು ಓದಿ ನೋಡಿ. ಪೂರ್ವಕ್ಕೆ ರಸ್ತೆ ಅಂತ ಬರೆದ ಕಡೆ ಯಾರದೋ ದನದ ಕೊಟ್ಟಿಗೆ ಇದ್ದರೆ ವಿಷಯ ಅಲ್ಲೇ ತಿಳಿಯುತ್ತದೆ.

ಇನ್ನೊಂದು ಪದೇ ಪದೇ ಬರುವ ತೊಡಕು: ಹಳೆ ಮಾಲೀಕರು 2012ರಲ್ಲಿ ಸಾಲ ತೆಗೆದಿದ್ದಾರೆ, 2019ರಲ್ಲಿ ತೀರಿಸಿದ್ದಾರೆ, ಆದರೆ ತೀರಿದ್ದನ್ನು ರಿಜಿಸ್ಟರ್ ಮಾಡಿಸಿಲ್ಲ. ಇಸಿಯಲ್ಲಿ ಸಾಲ ಹಾಗೇ ಕೂತಿದೆ. ಬ್ಯಾಂಕಿನ ನೋ ಡ್ಯೂ ಪತ್ರ ತೋರಿಸಿದರೆ ಸಾಲದು. ಆ ಬ್ಯಾಂಕಿನವರು ಬಂದು ಋಣಮುಕ್ತಿ ಪತ್ರ ನೋಂದಣಿ ಮಾಡಿಕೊಡಬೇಕು. ಈ ಮಧ್ಯೆ ಆ ಶಾಖೆ ಇನ್ನೊಂದು ಬ್ಯಾಂಕಿನಲ್ಲಿ ವಿಲೀನ ಆಗಿದ್ದರಂತೂ ಓಡಾಟ ಜಾಸ್ತಿ.

ರಿಜಿಸ್ಟರ್ ಆಗದ ಅಗ್ರಿಮೆಂಟ್, ಕೋರ್ಟ್ ಕೇಸು, ಬಾಯಿಮಾತಿನ ಪಾಲು ಇವು ಇಸಿಯಲ್ಲಿ ಬರುವುದಿಲ್ಲ. ಅಡಮಾನ ಗೊತ್ತಾಗಲು ಸರ್ಸೈ (CERSAI, ಬ್ಯಾಂಕುಗಳ ಅಡಮಾನ ದಾಖಲಿಸುವ ಕೇಂದ್ರ ನೋಂದಣಿ) ಜಾಲತಾಣದಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ತಾಲ್ಲೂಕು, ಜಿಲ್ಲಾ ಕೋರ್ಟುಗಳ ಕೇಸುಗಳನ್ನು ಇ-ಕೋರ್ಟ್ಸ್‌ನಲ್ಲಿ ಮಾಲೀಕರ ಹೆಸರು ಹಾಕಿ ನೋಡಬಹುದು.

## ಹಂತ 5: ಮೂಲಪತ್ರದಿಂದ ಇವತ್ತಿನವರೆಗಿನ ಕೊಂಡಿ

ಈಗಿನ ಮಾಲೀಕರ ಕ್ರಯಪತ್ರ ಒಂದೇ ಸಾಲದು. ಅವರಿಗೆ ಯಾರು ಮಾರಿದರು, ಅವರಿಗೆ ಎಲ್ಲಿಂದ ಬಂತು, ಹೀಗೆ ಹಿಂದಕ್ಕೆ ಹೋಗಬೇಕು. ಒಂದು ಹಾಳೆಯಲ್ಲಿ ವರ್ಷ, ಕೊಟ್ಟವರು, ಪಡೆದವರು, ಪತ್ರದ ನಂಬರ್ ಅಂತ ಬರೆಯುತ್ತಾ ಹೋಗಿ. ಪ್ರತಿ ಸಾಲಿನ "ಪಡೆದವರು" ಮುಂದಿನ ಸಾಲಿನ "ಕೊಟ್ಟವರು" ಆಗಿರಬೇಕು. ಎಲ್ಲಿ ಹಾಗೆ ಆಗುವುದಿಲ್ಲವೋ ಅಲ್ಲಿ ಒಂದು ಕಾಗದ ಕಾಣೆಯಾಗಿದೆ.

ನಡುವೆ ಯಾರಾದರೂ ತೀರಿಕೊಂಡಿದ್ದರೆ ಮರಣ ಪತ್ರ, ವಂಶವೃಕ್ಷ, ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯಿಂದ ಸಮಪಾಲು ಇದೆ. "ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಅನ್ನುವ ಮಾತಿಗೆ ಬ್ಯಾಂಕಿನ ವಕೀಲರು ತಲೆದೂಗುವುದಿಲ್ಲ. ಅವರ ಸಹಿ ಬೇಕು. ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ಕೋರ್ಟ್ ಅನುಮತಿಯ ಪ್ರಶ್ನೆ ಬರುತ್ತದೆ, ಅದನ್ನು ವಕೀಲರ ಹತ್ತಿರವೇ ಕೇಳಿ.

ಕೃಷಿ ಜಮೀನಿನಲ್ಲಿ ಬಡಾವಣೆ ಆಗಿದ್ದರೆ ಆ ಸರ್ವೆ ನಂಬರಿನ ಹಳೆ ಪಹಣಿ, ಮ್ಯುಟೇಷನ್, ಜಿಲ್ಲಾಧಿಕಾರಿಗಳ ಭೂ ಪರಿವರ್ತನೆ ಆದೇಶ, ಅನುಮೋದಿತ ಲೇಔಟ್ ನಕ್ಷೆ ಸೇರಿಸಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, 11ರಲ್ಲಿ ಋಣ ಮತ್ತು ಇತರ ಹಕ್ಕು. ಸೊಸೈಟಿ ಸಾಲ ಅಲ್ಲಿ ಕಾಣುತ್ತದೆ. ಜಮೀನು ಯಾವತ್ತೋ ಸರ್ಕಾರದಿಂದ ಮಂಜೂರಾದದ್ದಾ ಅಂತ ಕೇಳುವುದನ್ನು ಮರೆಯಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅದು ಊರ್ಜಿತವಲ್ಲ. 2023ರ ತಿದ್ದುಪಡಿ ಆದ ಮೇಲೆ ಬಹಳ ವರ್ಷ ಆಯಿತು ಅನ್ನುವ ನೆಪವನ್ನೂ ನಂಬಿ ಕೂರುವಂತಿಲ್ಲ.

ಕೊಂಡಿಯ ನಡುವೆ ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಧಿಕಾರ ಪತ್ರ) ಮೇಲೆ ಕೈ ಬದಲಾಗಿದ್ದರೆ ಅಲ್ಲೇ ನಿಲ್ಲಿ. ಜಿಪಿಎ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಳೆ ಪತ್ರ ಕಳೆದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಆದರೆ ಈಗಿನ ಮಾಲೀಕರ ಅಸಲು ಕ್ರಯಪತ್ರವೇ ಕಳೆದಿದೆ ಅಂದರೆ ಅನುಮಾನ ಪಡಿ. ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ, ನಕಲು ಎಲ್ಲ ಇದ್ದರೂ ಬಹಳ ಬ್ಯಾಂಕುಗಳು ಹಿಂಜರಿಯುತ್ತವೆ. ಆ ಅಸಲು ಪತ್ರ ಯಾರದೋ ಹತ್ತಿರ ಅಡ ಇರಬಹುದಲ್ವಾ.

## ಹಂತ 6: ಕಟ್ಟಡದ ಕಾಗದ

ಅನುಮೋದಿತ ನಕ್ಷೆ, ಈ ವರ್ಷದ ತೆರಿಗೆ ರಸೀದಿ, ಕರೆಂಟ್ ಬಿಲ್ಲು ಬೇಕು. ಎರಡು ಮಹಡಿಗೆ ಅನುಮತಿ ಪಡೆದು ನಾಲ್ಕು ಕಟ್ಟಿದ್ದರೆ ಬ್ಯಾಂಕಿನ ಇಂಜಿನಿಯರ್ ಬಂದ ದಿನ ಅದು ತಿಳಿಯುತ್ತದೆ. ಬೆಲೆ ಕಟ್ಟುವಾಗ ಮೇಲಿನ ಮಹಡಿಗಳನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಒಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರದ ಬಗ್ಗೆಯೂ ಕೇಳಿ. ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬ್ಯಾಂಕುಗಳು ಬಿಗಿಯಾಗಿವೆ.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರನ್ನು ಕರ್ನಾಟಕ ರೇರಾ ಜಾಲತಾಣದಲ್ಲೇ ಹಾಕಿ ನೋಡಿ, ಬ್ರೋಷರ್ ನಂಬಬೇಡಿ. "ಎಲ್ಲ ಬ್ಯಾಂಕ್ ಅಪ್ರೂವ್ಡ್" ಅನ್ನುವ ಬೋರ್ಡು ಜಾಹೀರಾತು ಅಷ್ಟೇ, ಯಾವ ಬ್ಯಾಂಕು, ಯಾವ ಬ್ಲಾಕಿಗೆ ಅಂತ ಪತ್ರ ಕೇಳಿ.

## ಹಂತ 7: ವಕೀಲರ ಅಭಿಪ್ರಾಯ ಆದ ಮೇಲೆ ಅಗ್ರಿಮೆಂಟ್

ಆಸ್ತಿ ಫೈಲಿನ ಜೆರಾಕ್ಸ್ ಒಂದು ಸೆಟ್ ನಿಮ್ಮ ವಕೀಲರಿಗೆ ಕೊಡಿ. ಬ್ಯಾಂಕಿನ ವಕೀಲರು ಬ್ಯಾಂಕಿಗಾಗಿ ನೋಡುತ್ತಾರೆ, ನಿಮಗಾಗಿ ಅಲ್ಲ. ನಿಮ್ಮವರು ಲಿಖಿತ ಅಭಿಪ್ರಾಯ ಕೊಟ್ಟ ಮೇಲೆ ಸೇಲ್ ಅಗ್ರಿಮೆಂಟ್ ಮಾಡಿ. ಅದರಲ್ಲಿ ಒಂದು ಷರತ್ತು ಬರೆಸಲೇಬೇಕು: ಆಸ್ತಿಯ ದಾಖಲೆ ಸರಿಯಿಲ್ಲ ಅಂತ ಬ್ಯಾಂಕ್ ಸಾಲ ನಿರಾಕರಿಸಿದರೆ ಅಡ್ವಾನ್ಸ್ ಇಂತಿಷ್ಟು ದಿನದಲ್ಲಿ ವಾಪಸ್. ಇದಕ್ಕೆ ಒಪ್ಪದ ಮಾಲೀಕರಿಗೆ ತಮ್ಮ ಕಾಗದದ ಮೇಲೆ ತಮಗೇ ನಂಬಿಕೆ ಇಲ್ಲ ಅಂತ ನನ್ನ ಲೆಕ್ಕ.

ನಿಮ್ಮ ಕೈಯಿಂದ ಎಷ್ಟು ಹಾಕಬೇಕು ಅಂತ ಈಗಲೇ ಕೂಡಿಸಿ. ಸಾಲ 30 ಲಕ್ಷದವರೆಗೆ ಇದ್ದರೆ ಆಸ್ತಿ ಬೆಲೆಯ 90%, 75 ಲಕ್ಷದವರೆಗೆ 80%, ಅದರ ಮೇಲೆ 75%. ಇದು ಗರಿಷ್ಠ ಮಿತಿ. 70 ಲಕ್ಷದ ಮನೆಗೆ 56 ಲಕ್ಷ ಸಿಗಬಹುದು, 14 ಲಕ್ಷ ನಿಮ್ಮದು. ಅದರ ಮೇಲೆ ನಗರದಲ್ಲಿ ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ 5.6%, ನೋಂದಣಿ ಶುಲ್ಕ 2% (2025ರ ಆಗಸ್ಟ್ 31ರಿಂದ ಇದು 1ರಿಂದ 2% ಆಯಿತು). ಇದು 5 ಲಕ್ಷ 32 ಸಾವಿರ. ಇದನ್ನೂ ನೀವೇ ಹೊಂದಿಸಬೇಕು. 50 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದೂ ನಿಮ್ಮದೇ ಜವಾಬ್ದಾರಿ. ಆ ಚಲನ್ ಆಸ್ತಿ ಫೈಲಿಗೆ ಹಾಕಿ.

ಮಾಲೀಕರ ಸಾಲ ಇನ್ನೂ ಬಾಕಿ ಇದ್ದರೆ ಅವರ ಬ್ಯಾಂಕಿನಿಂದ ಎರಡು ಪತ್ರ ತರಿಸಿ: ಇಂತಹ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಅನ್ನುವ ಫೋರ್‌ಕ್ಲೋಷರ್ ಲೆಟರ್, ಮತ್ತು ತಮ್ಮ ಹತ್ತಿರ ಇರುವ ಅಸಲು ದಾಖಲೆಗಳ ಪಟ್ಟಿ. ಬಾಕಿ ಹಣ ನೇರವಾಗಿ ಆ ಬ್ಯಾಂಕಿನ ಸಾಲದ ಖಾತೆಗೇ ಹೋಗಬೇಕು.

## ಹಂತ 8: ಈಗ ನಿಮ್ಮ ಆದಾಯದ ಕಾಗದ

ಇವು ಬೇಗ ಹಳೆಯದಾಗುವುದರಿಂದ ಕೊನೆಗೆ. ಮೂರು ತಿಂಗಳ ಸ್ಯಾಲರಿ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡು ವರ್ಷದ ಫಾರ್ಮ್ 16 ಮತ್ತು ಐಟಿ ರಿಟರ್ನ್, ಈಗ ಕಟ್ಟುತ್ತಿರುವ ಸಾಲಗಳ ಸ್ಟೇಟ್‌ಮೆಂಟ್, ಆಫೀಸ್ ಐಡಿ. ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ಇಳಿಸಿದ ಪಿಡಿಎಫ್ ರೂಪದಲ್ಲೇ ಕೊಡಿ. ಸ್ಕ್ರೀನ್‌ಶಾಟ್ ಬೇಡ.

ಸ್ಲಿಪ್‌ನಲ್ಲಿ ಇರುವ ನಿವ್ವಳ ಸಂಬಳ ಮತ್ತು ಖಾತೆಗೆ ಬಿದ್ದ ಮೊತ್ತ ಒಂದೇ ಇರಬೇಕು. ಆರು ತಿಂಗಳಲ್ಲಿ ಒಂದು ಚೆಕ್ ಬೌನ್ಸ್ ಆಗಿದ್ದರೂ ಕೇಳುತ್ತಾರೆ. ಅಪ್ಪ ಕೊಟ್ಟ ಹಣವೋ ಚಿಟ್ ಎತ್ತಿದ ಹಣವೋ ದೊಡ್ಡ ಮೊತ್ತದಲ್ಲಿ ಖಾತೆಗೆ ಬಂದಿದ್ದರೆ ಅದರ ಕಾಗದ ಜೊತೆಗಿಡಿ. ಈ ನಡುವೆ ಕೆಲಸ ಬದಲಾಯಿಸುವುದು, ಹೊಸ ಬೈಕ್ ಸಾಲ, ಸುಮ್ನೆ ನಾಲ್ಕು ಆ್ಯಪ್‌ಗಳಲ್ಲಿ ಸಾಲಕ್ಕೆ ಅರ್ಜಿ ಹಾಕುವುದು ಎಲ್ಲ ಮುಂದೂಡಿ.

ವ್ಯಾಪಾರಸ್ಥರಿಗೆ ಮೂರು ವರ್ಷದ ರಿಟರ್ನ್, ಲಾಭ ನಷ್ಟದ ಪಟ್ಟಿ, ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ರಿಟರ್ನ್ ಕೇಳುತ್ತಾರೆ. ತೆರಿಗೆ ಉಳಿಸಲು ಆದಾಯ ಕಡಿಮೆ ತೋರಿಸಿದ್ದರೆ ಸಾಲವೂ ಅಷ್ಟಕ್ಕೇ. ದುಬೈ, ಅಮೆರಿಕದಲ್ಲಿ ಇರುವವರು ಊರಿನಲ್ಲಿ ಯಾರಿಗಾದರೂ ಪವರ್ ಆಫ್ ಅಟಾರ್ನಿ ಕೊಡಬೇಕಾಗುತ್ತದೆ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಜನ ಮರೆಯುವುದು ಇದನ್ನೇ.

ಏಜೆಂಟ್ ಯಾರಾದರೂ "ಸ್ಲಿಪ್‌ನಲ್ಲಿ ಸ್ವಲ್ಪ ಜಾಸ್ತಿ ಮಾಡಿಕೊಡುತ್ತೇನೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ಫೋರ್ಜರಿ. ಸಿಕ್ಕಿಬೀಳುವುದು ಸಹಿ ಹಾಕಿದ ನೀವು.

## ಹಂತ 9: ಫೈಲ್ ಕೊಡುವ ದಿನ

ಹೊಸ ಇಸಿ ಒಂದು ತೆಗೆಸಿ, ಹಂತ 4ರದ್ದು ಅಷ್ಟರಲ್ಲಿ ಹಳೆಯದಾಗಿರುತ್ತದೆ. ಎಲ್ಲ ಜೆರಾಕ್ಸ್ ಮೇಲೆ ಸಹಿ ಹಾಕಿ, ಆಧಾರ್ ಮತ್ತು ಪಾನ್ ಪ್ರತಿಯ ಮೇಲೆ ಅಡ್ಡಲಾಗಿ "ಹೋಮ್ ಲೋನ್‌ಗೆ ಮಾತ್ರ" ಅಂತ ದಿನಾಂಕ ಸಮೇತ ಬರೆಯಿರಿ. ಈ ಹಂತದಲ್ಲಿ ಯಾವ ಅಸಲು ಪತ್ರವನ್ನೂ ಬಿಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ. ಖಾಲಿ ಫಾರ್ಮಿಗೆ ಸಹಿ ಕೇಳಿದರೆ ಅಲ್ಲೇ ಕೂತು ತುಂಬಿಸಿ. ವಕೀಲರ ತಕರಾರು ಇದ್ದರೆ ಬಾಯಲ್ಲಿ ಹೇಳಿದ್ದು ಸಾಕಾಗುವುದಿಲ್ಲ, ಇಮೇಲ್‌ನಲ್ಲಿ ತರಿಸಿಕೊಳ್ಳಿ. ಆಗ ಯಾವ ಕಾಗದ ಅಂತ ಮಾಲೀಕರಿಗೂ ತೋರಿಸಬಹುದು.

## ಹಂತ 10: ಸಹಿ, ಅಸಲು ಪತ್ರ, ರಸೀದಿ

ಸಹಿ ಹಾಕುವ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. 2024ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಬಡ್ಡಿ, ಎಲ್ಲ ಶುಲ್ಕ, ಇನ್ಶೂರೆನ್ಸ್ ಸೇರಿಸಿದ್ದಾರಾ ಇಲ್ಲವಾ ಎಲ್ಲ ಅದರಲ್ಲಿ ಇರುತ್ತದೆ.

ರಿಜಿಸ್ಟ್ರೇಷನ್ ಆದ ಮೇಲೆ ಅಸಲು ಪತ್ರಗಳು ಬ್ಯಾಂಕಿಗೆ ಹೋಗುತ್ತವೆ. ಕೊಡುವ ಮುಂಚೆ ಪ್ರತಿ ಪುಟ ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಬ್ಯಾಂಕಿನಿಂದ ಒಂದೊಂದು ಪತ್ರದ ಹೆಸರು, ನಂಬರ್, ದಿನಾಂಕ, ಅಸಲು ಯಾವುದು ನಕಲು ಯಾವುದು ಅಂತ ನಮೂದಿಸಿದ ಪಟ್ಟಿಯನ್ನು ಸೀಲು, ಸಹಿ ಸಮೇತ ಪಡೆಯಿರಿ. "ದಾಖಲೆಗಳು ಒಟ್ಟು 14" ಅಂತ ಸುಮ್ನೆ ಬರೆದುಕೊಟ್ಟರೆ ಒಪ್ಪಬೇಡಿ.

ಈ ಪಟ್ಟಿ 20 ವರ್ಷ ಜೋಪಾನವಾಗಿ ಇರಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಎಲ್ಲ ಅಸಲು ಪತ್ರ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಏನೇನು ಕೊಟ್ಟಿದ್ದಿರಿ ಅಂತ ಆಗ ತೋರಿಸಲು ನಿಮ್ಮ ಹತ್ತಿರ ಇರುವುದು ಇದೊಂದೇ ಹಾಳೆ.